ಅಜ್ಜಿಗೆ ಮರೆವು ಶುರುವಾದರೆ: ಹೈಸ್ಕೂಲು, ಪಿಯುಸಿ ಮಕ್ಕಳಿಗೊಂದು ಸಮಗ್ರ ಮಾರ್ಗದರ್ಶಿ

ಮರೆವಿನ ಕಾಯಿಲೆ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮಗ-ಸೊಸೆಗೆ ಬರೆಯುತ್ತಾರೆ. ಆದರೆ ನಮ್ಮ ಕಡೆ ಅಜ್ಜಿ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮಲಗುವುದು ಮೊಮ್ಮಗಳು. ಅಪ್ಪ ಟೊಮೆಟೊ ಮಂಡಿಗೆ, ಅಮ್ಮ ಡೇರಿಗೆ ಹಾಲು ಹಾಕಿ ತೋಟಕ್ಕೆ ಅಂತ ಹೋಗಿರುತ್ತಾರೆ. ಸಂಜೆ ಸ್ಕೂಲ್ ಬ್ಯಾಗ್ ಇಳಿಸಿ "ಅಜ್ಜಿ, ಊಟ ಮಾಡಿದ್ಯಾ?" ಅಂತ ಮೊದಲು ಕೇಳುವುದು ಮಕ್ಕಳೇ. ಹಾಗಾಗಿ ಇದು ನಿನಗೆ. ಕೋಲಾರ-ಚಿಕ್ಕಬಳ್ಳಾಪುರ ಕಡೆ ಯಾವುದೋ ಮನೆಯಲ್ಲಿ ಓದುತ್ತಾ, ಜೊತೆಗೆ ಅಜ್ಜಿಯನ್ನೋ ತಾತನನ್ನೋ ನೋಡಿಕೊಳ್ಳುತ್ತಿರುವ ನಿನಗೆ. ನಾನೂ ಶಿಡ್ಲಘಟ್ಟ ತಾಲ್ಲೂಕಿನವಳು, ರೇಷ್ಮೆ ಹುಳು ಸಾಕುವ ಮನೆಯವಳು. ನನ್ನ ಹೈಸ್ಕೂಲು ದಿನಗಳು ಅಜ್ಜಿಯ ಮರೆವಿನ ಜೊತೆಗೇ ಕಳೆದವು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಕಾಯಿಲೆಯಲ್ಲಿ ಇವತ್ತು ಬೆಳಿಗ್ಗೆ ನಡೆದದ್ದು ಮೊದಲು ಅಳಿಸಿಹೋಗುತ್ತದೆ. ಕೈಗೆ ರೂಢಿಯಾದ ಕೆಲಸ, ಹಳೇ ಹಾಡು, ಭಯ, ಪ್ರೀತಿ ಇವೆಲ್ಲ ತುಂಬ ದಿನ ಉಳಿಯುತ್ತವೆ. ಹೋದದ್ದನ್ನು ವಾಪಸ್ ತರಿಸಲು ಒದ್ದಾಡಿದರೆ ಇಬ್ಬರಿಗೂ ಸುಸ್ತು. ಏನು ಉಳಿದಿದೆಯೋ ಅದನ್ನು ಹಿಡಿದು ನಡೆಯಬೇಕು.

ಹೆಜ್ಜೆ 1: ಒಂದು ನೋಟ್‌ಬುಕ್ ಇಡು

ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು ವಯಸ್ಸಿನ ಮರೆವು. ಸಿಕ್ಕಿದ ಕನ್ನಡಕ ಏತಕ್ಕೆ ಅಂತ ಗೊತ್ತಾಗದಿದ್ದರೆ ಅದು ಬೇರೆ. ಪಕ್ಕದ ಬೀದಿಯವರ ಹೆಸರು ತಕ್ಷಣ ಬಾರದೆ, ಆಮೇಲೆ "ಹಾಂ, ನೆನಪಾಯ್ತು" ಅಂದರೆ ಪರವಾಗಿಲ್ಲ. ನಲವತ್ತು ವರ್ಷ ಓಡಾಡಿದ ಬೀದಿಯಲ್ಲಿ ನಿಂತು ಮನೆ ಯಾವ ಕಡೆ ಅಂತ ಕೇಳಿದರೆ, ಸಾರಿಗೆ ಎರಡು ಸಲ ಉಪ್ಪು ಬಿದ್ದರೆ, ಚಿಲ್ಲರೆ ಲೆಕ್ಕ ತಪ್ಪುತ್ತಿದ್ದರೆ, ಸೀರೆ ಉಡುವುದರಲ್ಲೇ ಗೊಂದಲವಾದರೆ, ಬರೆದಿಡು.

ಎರಡು ವಾರ ಸಾಕು. ತಾರೀಖು, ಹೊತ್ತು, ಏನಾಯ್ತು, ಅಷ್ಟೇ. "ಅಜ್ಜಿಗೆ ತಲೆ ಕೆಟ್ಟಿದೆ" ಅಂತ ಬರೆಯಬೇಡ. "ಮಂಗಳವಾರ ಸಂಜೆ ಹಾಲು ಒಲೆ ಮೇಲಿಟ್ಟು ಹೊರಗೆ ಹೋಗಿ ಕೂತಿದ್ದರು, ಪಾತ್ರೆ ಸೀದಿತ್ತು" ಅಂತ ಬರೆ. ಡಾಕ್ಟರಿಗೆ ಬೇಕಾದ್ದು ಇದೇ. ಅಪ್ಪ-ಅಮ್ಮ ಹಗಲೆಲ್ಲ ಹೊರಗಿರುತ್ತಾರೆ. ಮನೆಯಲ್ಲಿ ಇದನ್ನು ಹತ್ತಿರದಿಂದ ನೋಡುವವಳು ನೀನು.

ಇನ್ನೊಂದು ಮುಖ್ಯ ವಿಷಯ. ಈ ಮರೆವು ನಿಧಾನವಾಗಿ ಬರುತ್ತದೆ, ತಿಂಗಳುಗಟ್ಟಲೆ, ವರ್ಷಗಟ್ಟಲೆ. ನಿನ್ನೆ ಚೆನ್ನಾಗಿದ್ದ ಅಜ್ಜಿ ಇವತ್ತು ಏಕಾಏಕಿ ಏನೇನೋ ಮಾತಾಡಿದರೆ, ಮಂಪರಿನಲ್ಲಿದ್ದರೆ, ಇಲ್ಲದವರು ಕಾಣಿಸುತ್ತಾರೆ ಅಂದರೆ ಎರಡು ವಾರ ಕಾಯಬೇಡ. ಮೂತ್ರದ ಸೋಂಕು, ಸಕ್ಕರೆ ಇಳಿದಿರುವುದು, ಉಪ್ಪಿನಂಶ ಕಡಿಮೆಯಾಗಿರುವುದು, ಯಾವುದೂ ಆಗಿರಬಹುದು. ಬಾಯಿ ಸೊಟ್ಟಗಾಗಿ ಒಂದು ಕಡೆಯ ಕೈ ಬಿದ್ದಿದ್ದರೆ ಪಾರ್ಶ್ವವಾಯು. ಅದೇ ಗಳಿಗೆ ಆಸ್ಪತ್ರೆಗೆ ಹೋಗಬೇಕು.

ಹೆಜ್ಜೆ 2: ಮನೆಯವರನ್ನು ಒಪ್ಪಿಸು, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ

"ಅರವತ್ತಕ್ಕೆ ಅರಳು ಮರಳು, ಇದಕ್ಕೆಲ್ಲ ಆಸ್ಪತ್ರೆ ಏಕೆ?" ಈ ಮಾತು ಬಂದೇ ಬರುತ್ತದೆ. "ಇದೆಲ್ಲ ಪೇಟೆಯವರ ಕಾಯಿಲೆ" ಅನ್ನುವವರೂ ಇರುತ್ತಾರೆ. ಅವರಿಗೆ ಶ್ರೀನಿವಾಸಪುರದ ವಿಷಯ ಹೇಳು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು 2018ರಿಂದ ಆ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದವರ ನೆನಪಿನ ಶಕ್ತಿಯನ್ನು ವರ್ಷಗಟ್ಟಲೆ ಗಮನಿಸುವ ದೊಡ್ಡ ಅಧ್ಯಯನ ಮಾಡುತ್ತಿದ್ದಾರೆ. ಮಾವಿನ ತೋಪಿನ ಜನರಿಗೂ ಇದು ಬರುತ್ತದೆ ಅಂತ ಗೊತ್ತಿದ್ದೇ ತಾನೆ ಅಲ್ಲಿಗೆ ಬಂದದ್ದು?

ಮನೆಯವರು ಒಪ್ಪುವ ವಾದ ಇನ್ನೊಂದಿದೆ. ಕೆಲವು ಮರೆವು ಚಿಕಿತ್ಸೆಯಿಂದ ಸರಿಹೋಗುತ್ತದೆ. ಬಿ12 ಕೊರತೆ (ಸಸ್ಯಾಹಾರಿಗಳಲ್ಲಿ ಜಾಸ್ತಿ), ಥೈರಾಯ್ಡ್ ಕಡಿಮೆಯಾಗಿರುವುದು, ಖಿನ್ನತೆ, ನಿದ್ದೆ ಮಾತ್ರೆ ಮತ್ತು ಅಲರ್ಜಿಯ ಕೆಲವು ಮಾತ್ರೆಗಳ ಅಡ್ಡಪರಿಣಾಮ, ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟಾಗಿ ಒಳಗೆ ನಿಧಾನವಾಗಿ ಕಟ್ಟಿದ ರಕ್ತ, ಇವೆಲ್ಲ ಮರೆವಿನ ಕಾಯಿಲೆಯ ಹಾಗೇ ಕಾಣುತ್ತವೆ. ರಕ್ತ ಪರೀಕ್ಷೆ, ಬೇಕಾದರೆ ಒಂದು ಸ್ಕ್ಯಾನ್ ಮಾಡಿದರೆ ಗೊತ್ತಾಗುತ್ತದೆ. ತೋರಿಸದೆ ಸುಮ್ನೆ ಬಿಟ್ಟರೆ ಸರಿಹೋಗಬಹುದಾದದ್ದೂ ಕೈತಪ್ಪುತ್ತದೆ.

ಎಲ್ಲಿ ತೋರಿಸುವುದು? ಮೊದಲು ಜಿಲ್ಲಾಸ್ಪತ್ರೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಮೆದುಳು ಆರೋಗ್ಯದ ಯೋಜನೆ ಶುರು ಮಾಡಿದಾಗ, ಮೊದಲ ಪ್ರಯೋಗಕ್ಕೆ ಆರಿಸಿದ ಜಾಗಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಇದ್ದವು. ಮೆದುಳು ಆರೋಗ್ಯ ಕ್ಲಿನಿಕ್ ಯಾವ ದಿನ ಇರುತ್ತದೆ ಅಂತ ಆಸ್ಪತ್ರೆಯಲ್ಲಿ ವಿಚಾರಿಸಿ ಹೋಗಿ. ಅಲ್ಲಿಂದ ನಿಮ್ಹಾನ್ಸಿಗೆ ಬರೆದುಕೊಟ್ಟರೆ ಬೆಳಿಗ್ಗೆ ಮೊದಲ ಬಸ್ಸೇ ಹಿಡಿಯಬೇಕು. ಬುತ್ತಿ, ನೀರು, ಒಂದು ಜೊತೆ ಬದಲಿ ಬಟ್ಟೆ ಜೊತೆಗಿರಲಿ. ಕಾಯುವ ಹೊತ್ತು ಅಜ್ಜಿಗೆ ಕಷ್ಟ, ಸಾಲು ಅಂದರೆ ಅವರಿಗೆ ತಲೆ ಕೆಡುತ್ತದೆ.

ತೆಗೆದುಕೊಂಡು ಹೋಗಬೇಕಾದ್ದು: ನಿನ್ನ ನೋಟ್‌ಬುಕ್, ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ (ನಾಟಿ ಔಷಧಿಯೂ ಸೇರಿ), ಹಳೇ ಚೀಟಿಗಳು, ಕನ್ನಡಕ. ಕಿವಿ ಸರಿಯಾಗಿ ಕೇಳದಿದ್ದರೆ, ಕಣ್ಣಿಗೆ ಪೊರೆ ಬಂದಿದ್ದರೆ ಅದನ್ನೂ ಹೇಳಿ. ಕೇಳಿಸದೆ ಉತ್ತರ ಕೊಡದವರನ್ನು ಮರೆತರು ಅಂದುಕೊಳ್ಳುವುದು ಎಷ್ಟೋ ಸಲ ಆಗುತ್ತದೆ.

ಪರೀಕ್ಷೆಯೆಲ್ಲ ಮುಗಿದು ಆಲ್‌ಝೈಮರ್ ಅಂದರೆ? ಇಂಥ ಮರೆವಿಗೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಅದೇ. ಜರ್ಮನಿಯ ಡಾಕ್ಟರ್ ಅಲೋಯಿಸ್ ಆಲ್‌ಝೈಮರ್ 1906ರಲ್ಲಿ ಇದರ ಮೊದಲ ರೋಗಿಯ ಬಗ್ಗೆ ವಿವರಿಸಿದ್ದರಿಂದ ಆ ಹೆಸರು. ಹೊಸದನ್ನು ಕೂಡಿಟ್ಟುಕೊಳ್ಳುವ ಮೆದುಳಿನ ಭಾಗಕ್ಕೆ ಮೊದಲು ಏಟು ಬೀಳುತ್ತದೆ. ಅದಕ್ಕೇ ಮದುವೆಯಾದ ವರ್ಷದ ಮಳೆ ನೆನಪಿರುತ್ತದೆ, ಈಗ ತಿಂದ ಮುದ್ದೆ ಇರುವುದಿಲ್ಲ. ಡೊನೆಪೆಜಿಲ್‌ನಂಥ ಮಾತ್ರೆ ಬರೆದುಕೊಡಬಹುದು. ಅದು ಕೆಲವರಿಗೆ ಸ್ವಲ್ಪ ದಿನ ಸ್ವಲ್ಪ ನೆರವಾಗುತ್ತದೆ, ಕಾಯಿಲೆ ವಾಸಿ ಮಾಡುವುದಿಲ್ಲ. ಹೊಟ್ಟೆ ತೊಳಸಿದರೆ, ಭೇದಿಯಾದರೆ ನೀವೇ ನಿಲ್ಲಿಸದೆ ಡಾಕ್ಟರಿಗೆ ಹೇಳಿ. "ನೆನಪಿನ ಶಕ್ತಿ ವಾಪಸ್ ತರಿಸುತ್ತೇವೆ" ಅಂತ ಸಾವಿರಾರು ರೂಪಾಯಿಯ ಪುಡಿ ಮಾರುವವರ ಹತ್ತಿರ ಮಾತ್ರ ಹೋಗಬೇಡಿ.

ಹೆಜ್ಜೆ 3: ಮಾತಾಡುವ ರೀತಿ ಬದಲಿಸು

ನಿನ್ನ ಕೈಯಲ್ಲಿರುವ ಎಲ್ಲಕ್ಕಿಂತ ದೊಡ್ಡ ಕೆಲಸ ಇದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು, ಪರೀಕ್ಷೆ ಮಾಡುವುದನ್ನು ನಿಲ್ಲಿಸು. ನೆಂಟರು ಬಂದರೆ ಬಾಗಿಲಲ್ಲೇ ಶುರು: "ನಾನ್ಯಾರು ಹೇಳು ನೋಡೋಣ?" ಅಜ್ಜಿ ಬೆಬ್ಬೆಬ್ಬೆ ಅನ್ನುತ್ತಾರೆ. ಸುತ್ತ ನಿಂತವರು ನಗುತ್ತಾರೆ. ಮರೆತದ್ದಕ್ಕಿಂತ ಆ ನಗು ಅವರಿಗೆ ಜಾಸ್ತಿ ಚುಚ್ಚುತ್ತದೆ. ಚುಚ್ಚಿದ್ದು ಯಾಕೆ ಅಂತ ಆಮೇಲೆ ನೆನಪಿರುವುದಿಲ್ಲ, ಮುಖ ಮಾತ್ರ ಸಂಜೆವರೆಗೂ ಬಾಡಿರುತ್ತದೆ. ನೀನು ಮುಂಚೆಯೇ ಬಾಯಿ ಹಾಕು: "ಅಜ್ಜಿ, ಚಿಂತಾಮಣಿಯಿಂದ ನಿನ್ನ ತಮ್ಮನ ಮಗ ಬಂದಿದ್ದಾನೆ, ನೋಡು." ನೆಂಟರಿಗೆ ಗೇಟಿನ ಹತ್ತಿರವೇ ಹೇಳಿಬಿಡು, "ಮಾಮ, ನೀವೇ ಹೆಸರು ಹೇಳಿ ಮಾತಾಡಿಸಿ." ಚಿಕ್ಕವಳು ದೊಡ್ಡವರಿಗೆ ಹೇಳುವುದಾ ಅಂತ ಹಿಂಜರಿಯಬೇಡ.

ಒಂದೇ ಪ್ರಶ್ನೆ ಹತ್ತು ಸಲ ಬಂದರೆ? "ಆಗಲೇ ಹೇಳಿದ್ನಲ್ಲ!" ಅನ್ನುವುದರಿಂದ ಉಪಯೋಗವಿಲ್ಲ. ಆ "ಆಗಲೇ" ಅವರ ಪಾಲಿಗೆ ಇಲ್ಲ. ಪ್ರಶ್ನೆಯ ಹಿಂದೆ ಏನಿದೆ ನೋಡು. "ನಿಮ್ಮಪ್ಪ ಬಂದನಾ?" ಅಂತ ಪದೇ ಪದೇ ಕೇಳುತ್ತಿದ್ದರೆ, ಮಗ ಕ್ಷೇಮವಾಗಿದ್ದಾನಾ ಅನ್ನುವ ದಿಗಿಲು ಅದು. "ಫೋನ್ ಮಾಡಿದ್ರು ಅಜ್ಜಿ, ಮಂಡಿಯಲ್ಲಿ ಲೆಕ್ಕ ಮುಗಿಸಿ ಬರ್ತಾರೆ, ಊಟಕ್ಕೆ ಇರ್ತಾರೆ" ಅಂತ ಪಕ್ಕದಲ್ಲಿ ಕೂತು ಕೈ ಹಿಡಿದು ಹೇಳು. ಆಮೇಲೆ ಏನಾದರೂ ಕೆಲಸಕ್ಕೆ ಕರೆ. ನಾಲ್ಕನೇ ಸಲಕ್ಕೆ ರೇಗಿದರೆ ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದು ಬಾ. ಅದರಲ್ಲಿ ತಪ್ಪೇನಿಲ್ಲ.

ತೀರಿಹೋದವರನ್ನು ಕೇಳಿದಾಗ ಇನ್ನೂ ಕಷ್ಟ. "ನಿಮ್ ತಾತ ಎಲ್ಲಿ ಹೋದ್ರು?" ಅಂದಾಗ "ತಾತ ಸತ್ತು ಆರು ವರ್ಷ ಆಯ್ತು" ಅಂದರೆ ಅವರಿಗೆ ಆ ಸಾವಿನ ಸುದ್ದಿ ಇವತ್ತೇ ಬಂದ ಹಾಗೆ. ನಾಳೆ ಮತ್ತೆ ಕೇಳುತ್ತಾರೆ, ಮತ್ತೆ ಅಳುತ್ತಾರೆ. ತಾತನ ಮಾತು ತೆಗೆದುಬಿಡು: "ತಾತ ಗೂಡು ಮಾರೋಕೆ ಶಿಡ್ಲಘಟ್ಟ ಮಾರ್ಕೆಟ್ಟಿಗೆ ಹೋದ್ರೆ ವಾಪಸ್ ಬರ್ತಾ ಏನು ತರ್ತಿದ್ರು ಅಜ್ಜಿ?" ಖಾರಾ ಬೂಂದಿಯೋ ಹೂವೋ, ಅವರೇ ಹೇಳುತ್ತಾರೆ. ಇದು ಸುಳ್ಳಲ್ವಾ ಅಂತ ನಿನಗೆ ಅನ್ನಿಸಬಹುದು. ನನ್ನ ಅಭಿಪ್ರಾಯ ಇಷ್ಟೇ. ಅವರೇ ಗಟ್ಟಿಯಾಗಿ ನಿನ್ನ ಕಣ್ಣು ನೋಡಿ "ನಿಜ ಹೇಳು, ಹೋಗಿಬಿಟ್ರಾ?" ಅಂತ ಕೇಳಿದ ದಿನ ನಿಜ ಹೇಳು, ಜೊತೆಗೆ ಕೂತಿರು. ಉಳಿದ ದಿನ ಮಾತು ತಿರುಗಿಸುವುದು ಮೋಸವಲ್ಲ.

ಕಳ್ಳತನದ ಆರೋಪಕ್ಕೂ ಸಿದ್ಧವಾಗಿರು. "ನನ್ನ ಓಲೆ ನೀನೇ ಎತ್ಕೊಂಡಿದೀಯ." ಸಾಕಿದ ಅಜ್ಜಿಯ ಬಾಯಲ್ಲಿ ಈ ಮಾತು ಕೇಳುವುದು ನೋವೇ. ಆದರೆ ನಡೆಯುವುದು ಇಷ್ಟು: ಕಳ್ಳರ ಭಯಕ್ಕೆ ಎಲ್ಲೋ ಬಚ್ಚಿಟ್ಟಿರುತ್ತಾರೆ, ಇಟ್ಟದ್ದು ಮರೆತಿರುತ್ತದೆ, ಆ ಖಾಲಿ ಜಾಗಕ್ಕೆ ಮೆದುಳು ಒಂದು ಕಥೆ ತುಂಬುತ್ತದೆ. ಮನೆಯಲ್ಲಿ ಯಾರು ಹತ್ತಿರ ಇರುತ್ತಾರೋ ಅವರೇ ಕಳ್ಳರಾಗುತ್ತಾರೆ. ವಾದ ಬೇಡ. "ಬಾ ಅಜ್ಜಿ, ಹುಡುಕೋಣ" ಅನ್ನು. ದಿಂಬಿನ ಗಲೀಬು, ರಾಗಿ ಡಬ್ಬ, ದೇವರ ಪಟದ ಹಿಂದೆ, ಹಳೇ ಸೀರೆಯ ಗಂಟು ನೋಡು. ಸಿಕ್ಕಿದರೂ "ನೋಡು, ನೀನೇ ಇಟ್ಟಿದ್ದೆ!" ಅನ್ನಬೇಡ. ಅವರ ಕಣ್ಣಿಗೆ ಬೀಳುವ ಹಾಗೆ ಬಿಡು, ಅವರೇ ತೆಗೆದುಕೊಳ್ಳಲಿ.

ನಮ್ಮ ಗಡಿ ಜಿಲ್ಲೆಗಳಲ್ಲಿ ಇನ್ನೊಂದು ನಡೆಯುತ್ತದೆ. ತವರಿನಲ್ಲಿ ತೆಲುಗು ಆಡಿ, ಮದುವೆಯಾದ ಮೇಲೆ ಕನ್ನಡಕ್ಕೆ ಬಂದ ಅಜ್ಜಿಯರು ನಿಧಾನವಾಗಿ ತೆಲುಗಿಗೇ ವಾಪಸ್ ಹೋಗುತ್ತಾರೆ. ಬೇಕಂತಲೇ ಮಾಡುತ್ತಿಲ್ಲ, ಮೊದಲು ಕಲಿತದ್ದು ಕೊನೆಗೆ ಹೋಗುತ್ತದೆ. "ತಿನ್ನಾವಾ?" (ತಿಂದ್ಯಾ?), "ನೀಳ್ಳು ಕಾವಾಲಾ?" (ನೀರು ಬೇಕಾ?) ಅಂತ ಹತ್ತು ಮಾತು ಕಲಿತುಕೊಂಡರೆ ನಿನ್ನ ಕೆಲಸ ಅರ್ಧ ಹಗುರ. ಅಂದಹಾಗೆ, ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಅವರ ತಂಡ ಹೈದರಾಬಾದಿನಲ್ಲಿ 648 ರೋಗಿಗಳನ್ನು ಗಮನಿಸಿ 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎರಡು ಭಾಷೆ ಆಡುವವರಲ್ಲಿ ಈ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು.

ಹೆಜ್ಜೆ 4: ಕೈಗೆ ಕೆಲಸ ಕೊಡು

ಮರೆವು ಬಂದವರನ್ನು ಕುರ್ಚಿ ಮೇಲೆ ಕೂರಿಸಿ ಟಿವಿ ಹಾಕಿಬಿಡುವುದು ಸುಲಭ. ಅವರು ಇನ್ನೂ ಬೇಗ ಕುಗ್ಗುತ್ತಾರೆ.

ಡಿಸೆಂಬರ್-ಜನವರಿಯಲ್ಲಿ ನಮ್ಮ ಕಡೆ ಯಾವ ಮನೆಗೆ ಹೋದರೂ ಅವರೆಕಾಯಿ ಸೊಗಡು. ಕಾಳನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಒಂದು ತಟ್ಟೆಯಲ್ಲಿ ಅಜ್ಜಿ ಮುಂದೆ ಇಡು. ಏನು ಮಾಡಬೇಕು ಅಂತ ಹೇಳಬೇಡ. ನೀನು ಒಂದೆರಡು ಹಿತುಕು. ಅವರ ಹೆಬ್ಬೆರಳು ತೋರುಬೆರಳು ತಾವಾಗಿಯೇ ಕಾಳಿನ ತುದಿ ಹುಡುಕುತ್ತವೆ, ಒತ್ತುತ್ತವೆ, ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ನನ್ನ ಹೆಸರು ಸಿಗದ ದಿನವೂ ನಮ್ಮಜ್ಜಿ ನನಗಿಂತ ಬೇಗ ಹಿತುಕುತ್ತಿದ್ದರು. "ಸಿಪ್ಪೆ ಉಳಿಸ್ಬೇಡ ಕಣೇ" ಅಂತ ಬೈಗುಳ ಬೇರೆ.

ಉಳಿದ ತಿಂಗಳು ಸೊಪ್ಪು ಬಿಡಿಸುವುದು, ಸೇವಂತಿಗೆ ಹೂ ಕಟ್ಟುವುದು, ದೀಪದ ಬತ್ತಿ ಹೊಸೆಯುವುದು, ಬಟ್ಟೆ ಮಡಚುವುದು. ತಾತನಾದರೆ ಹುರಿ ಹೊಸೆಯುವುದು, ಬೀಜ ಬೇರ್ಪಡಿಸುವುದು. ತಪ್ಪಾಗಿ ಮಡಚಿದರೆ ಅವರೆದುರೇ ಬಿಚ್ಚಿ ಸರಿಮಾಡಬೇಡ. ಚಾಕು, ಈಳಿಗೆಮಣೆ, ಒಲೆ ಕೆಲಸ ಬೇಡ. ಒಂದು ಸಲಕ್ಕೆ ಒಂದೇ ಕೆಲಸ ಹೇಳು. "ಸ್ನಾನ ಮಾಡಿ ಸೀರೆ ಉಟ್ಟು ಊಟಕ್ಕೆ ಬಾ" ಅಂದರೆ ಮೂರೂ ಕಲಸಿಹೋಗುತ್ತವೆ.

ಹಾಡನ್ನು ಮರೆಯಬೇಡ. ಸೋಬಾನೆ ಪದದ ಮೊದಲ ಸಾಲು ನೀನು ಎತ್ತಿಕೊಟ್ಟರೆ ಉಳಿದದ್ದು ಅವರ ಬಾಯಲ್ಲಿ ಬರಬಹುದು. ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೋ, ಈಗಲೇ, ಮಾತು ಚೆನ್ನಾಗಿರುವಾಗ. ಆದರೆ ಅಜ್ಜಿ ತಡಬಡಾಯಿಸುವುದನ್ನು ರೀಲ್ಸ್ ಮಾಡಿ ಹಾಕಬೇಡ. ಎಷ್ಟು ಮುದ್ದಾಗಿ ಕಂಡರೂ ಸರಿ. ಅವರನ್ನು ಕೇಳಿ ಹಾಕುವ ಹಾಗಿಲ್ಲವಲ್ಲ.

ಹೆಜ್ಜೆ 5: ಸಂಜೆ ಮತ್ತು ರಾತ್ರಿ

ಹೊತ್ತು ಮುಳುಗುವಾಗ ಗಲಿಬಿಲಿ ಜಾಸ್ತಿಯಾಗುತ್ತದೆ. "ಮನೆಗೆ ಹೋಗ್ಬೇಕು" ಅಂತ ಸ್ವಂತ ಮನೆಯಲ್ಲೇ ಕೂತು ಹೇಳುತ್ತಾರೆ. ಕತ್ತಲಾಗುವ ಮುಂಚೆಯೇ ಲೈಟ್ ಹಾಕು. ಮಧ್ಯಾಹ್ನ ಉದ್ದ ನಿದ್ದೆ ಬೇಡ, ನಾಲ್ಕು ಗಂಟೆ ಮೇಲೆ ಕಾಫಿ ಬೇಡ. ಸಂಜೆ ಬೀದಿ ಕೊನೆವರೆಗೆ ಒಂದು ನಡಿಗೆ ಇರಲಿ. "ಮನೆಗೆ" ಅಂದಾಗ "ಇದೇ ಮನೆ" ಅಂತ ಜಗಳವಾಡದೆ, ಜೊತೆಗೇ ನಡೆದು ಒಂದು ಸುತ್ತು ಹಾಕಿ ವಾಪಸ್ ಕರೆದುಕೊಂಡು ಬಾ.

ರೇಷ್ಮೆ ಮನೆಗಳ ಅಜ್ಜಿಯರು ನಡುರಾತ್ರಿ ಎದ್ದು ಕೂರುವುದಕ್ಕೆ ಕಾರಣವಿದೆ. ನಾಲ್ಕನೇ ಜ್ವರ (ಹುಳು ಪೊರೆ ಕಳಚುವ ಹಂತ) ಎದ್ದ ಹುಳುವಿನ ಹಸಿವು ದೊಡ್ಡದು, ರಾತ್ರಿಯೂ ಸೊಪ್ಪು ಹಾಕಬೇಕು. ವರ್ಷಾನುಗಟ್ಟಲೆ ಹಾಗೆ ಎದ್ದ ಮೈ ಅದು. ಹುಳು ಸಾಕುವುದು ಬಿಟ್ಟು ಎಷ್ಟೋ ಕಾಲವಾದರೂ "ಹುಳಕ್ಕೆ ಸೊಪ್ಪು ಹಾಕಿದ್ರಾ?" ಅಂತ ಏಳುತ್ತಾರೆ. "ಈಗ ಹುಳ ಎಲ್ಲಿದೆ?" ಅನ್ನುವುದಕ್ಕಿಂತ "ಸೊಪ್ಪಿನ ಕೆಲಸ ಏನೂ ಬಾಕಿ ಇಲ್ಲ ಅಜ್ಜಿ, ಮಲ್ಕೋ" ಅಂದರೆ ಮಲಗುತ್ತಾರೆ. ಮಾತು ನಿಜವೂ ಹೌದು.

ಬಚ್ಚಲಿನ ದಾರಿಗೆ ಸಣ್ಣ ಲೈಟ್ ಇರಲಿ. ಆದರೆ ಪ್ರತಿ ರಾತ್ರಿ ಎಚ್ಚರವಿರುವುದು ನಿನ್ನ ಕೆಲಸವಲ್ಲ. ದೊಡ್ಡವರು ಸರದಿ ಹಾಕಿಕೊಳ್ಳಲಿ.

ಹೆಜ್ಜೆ 6: ಅಪಾಯಗಳನ್ನು ದೂರ ಮಾಡು

ರಾತ್ರಿ ಗ್ಯಾಸ್ ರೆಗ್ಯುಲೇಟರ್ ಆಫ್. ಬೆಳೆಗೆ ಹೊಡೆಯುವ ಔಷಧಿ, ಹುಳದ ಮನೆ ತೊಳೆಯುವ ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಎಲ್ಲಕ್ಕೂ ಬೀಗ. ಮಾತ್ರೆ ಡಬ್ಬಿ ಅಮ್ಮನ ಹತ್ತಿರ. ಒಟಿಪಿ ಕೇಳುವ ಮೋಸಗಾರರು ಫೋನ್ ಮಾಡಿದಾಗ ಅಜ್ಜಿಯ ಕೈಗೆ ಫೋನ್ ಸಿಗದ ಹಾಗೆ ನೋಡಿಕೊಳ್ಳಿ. ತೋಟದಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಇದ್ದರೆ ಬೇಲಿ ಹಾಕಿಸಲೇಬೇಕು. ಆ ಪ್ಲಾಸ್ಟಿಕ್ ಮೇಲೆ ಜಾರಿದರೆ ಈಜು ಬಂದವರೂ ಹತ್ತಿ ಬರುವುದು ಕಷ್ಟ.

ಮನೆ ಬಿಟ್ಟು ಹೋಗುವುದು ಎಲ್ಲಕ್ಕಿಂತ ದೊಡ್ಡ ಚಿಂತೆ. ಹೊರ ಬಾಗಿಲಿಗೆ ಗೆಜ್ಜೆ ಕಟ್ಟು, ತೆರೆದರೆ ಸದ್ದಾಗಲಿ. ಹೆಸರು, ಊರು, ಅಪ್ಪನ ನಂಬರ್ ಇರುವ ಚೀಟಿಯನ್ನು ಲ್ಯಾಮಿನೇಟ್ ಮಾಡಿಸಿ ಕೊರಳ ದಾರಕ್ಕೋ ಸೀರೆ ಪಿನ್ನಿಗೋ ಸೇರಿಸು. ಇತ್ತೀಚಿನ ಫೋಟೋ ಫೋನಿನಲ್ಲಿರಲಿ. ಮೂಲೆ ಅಂಗಡಿಯವರಿಗೆ, ಆಟೋ ಸ್ಟ್ಯಾಂಡಿನವರಿಗೆ, ಊರಿಗೆ ಬರುವ ಬಸ್ಸಿನ ಕಂಡಕ್ಟರಿಗೆ ಮೊದಲೇ ಹೇಳಿಡು. ಮುಚ್ಚಿಡಲು ಹೋದರೆ ಹುಡುಕುವ ಕಣ್ಣುಗಳು ಕಡಿಮೆಯಾಗುತ್ತವೆ. ಕಾಣದಾದರೆ ಮೊದಲು ನೀರಿರುವ ಜಾಗ ನೋಡಿ, ಆಮೇಲೆ ತವರಿನ ದಾರಿ, ಹಳೇ ತೋಟ, ದೇವಸ್ಥಾನ. ಜೊತೆಜೊತೆಗೇ 112ಕ್ಕೆ ಫೋನ್ ಮಾಡಿ. ದೂರು ಕೊಡಲು 24 ಗಂಟೆ ಕಾಯಬೇಕು ಅನ್ನುವುದು ಸುಳ್ಳು.

ಹೆಜ್ಜೆ 7: ನಿನ್ನ ಪಾಲು ಎಷ್ಟು ಅಂತ ಗೊತ್ತು ಮಾಡಿಕೋ

ಮನೆಯಲ್ಲಿ ಎಲ್ಲರೂ ಕೂತು ಮಾತಾಡಿ. ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ, ಪಿಂಚಣಿ, ಸೌಲಭ್ಯ ಏನೇ ಇದ್ದರೂ ದೊಡ್ಡವರು ಅಲ್ಲಿ ಕೇಳಲಿ. ನಿನ್ನ ಪಾಲು ದಿನಕ್ಕೊಂದು ಗೊತ್ತಾದ ಹೊತ್ತು, ಉದಾಹರಣೆಗೆ ಸಂಜೆ ಐದರಿಂದ ಆರು. ಆ ಹೊತ್ತು ಪೂರ್ತಿ ಅಜ್ಜಿಯದು, ಫೋನ್ ಪಕ್ಕಕ್ಕಿಡು. ಉಳಿದ ಹೊತ್ತು ಪೂರ್ತಿ ನಿನ್ನದು. ಸ್ನಾನ ಮಾಡಿಸುವುದು, ಬಟ್ಟೆ ಬದಲಿಸುವುದು, ಇಂಜೆಕ್ಷನ್ ಇವೆಲ್ಲ ದೊಡ್ಡವರ ಕೆಲಸ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ತಿಂಗಳಲ್ಲಿ ಈ ಪಾಲನ್ನೂ ಕಡಿಮೆ ಮಾಡಿ ಅಂತ ಬಾಯಿಬಿಟ್ಟು ಕೇಳು. ಕ್ಲಾಸ್ ಟೀಚರಿಗೆ ವಿಷಯ ತಿಳಿಸಿರು.

ಗಂಡುಮಕ್ಕಳಿಗೂ ಇಲ್ಲಿ ಪಾಲಿದೆ. ಅಕ್ಕ ಅಜ್ಜಿಗೆ ಊಟ ಹಾಕುವಾಗ ತಮ್ಮ ಕ್ರಿಕೆಟ್ ಆಡುವ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸಂಜೆ ನಡಿಗೆಗೆ ಕರೆದುಕೊಂಡು ಹೋಗಲು ಹುಡುಗಿಯೇ ಆಗಬೇಕಿಲ್ಲ.

ನಾಚಿಕೆ, ಸಿಟ್ಟು, "ಇದು ಯಾವಾಗ ಮುಗಿಯುತ್ತೋ" ಅನ್ನುವ ಯೋಚನೆ ಎಲ್ಲರಿಗೂ ಬರುತ್ತದೆ. ಬಂತು ಅಂದಮಾತ್ರಕ್ಕೆ ನೀನು ಕೆಟ್ಟ ಮೊಮ್ಮಗಳಲ್ಲ. ಎದುರಿಗೆ ಕೂತಿರುವವರನ್ನೇ ಕಳೆದುಕೊಳ್ಳುತ್ತಿರುವ ದುಃಖ ಅದು. ಅದನ್ನು ಒಬ್ಬ ಫ್ರೆಂಡಿಗಾದರೂ ಹೇಳು. ನಿದ್ದೆ ಬಾರದೆ, ಓದು ಹತ್ತದೆ, ಅಳು ನಿಲ್ಲದೆ ಹೋದರೆ 14416ಕ್ಕೆ ಫೋನ್ ಮಾಡು. ಇದು 2022ರಲ್ಲಿ ಶುರುವಾದ ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಯಾರಾದರೂ ಹೊಡೆಯುತ್ತಿದ್ದರೆ, ಸ್ಕೂಲು ಬಿಡಿಸಿ ಅಜ್ಜಿ ಹತ್ತಿರ ಕೂರಿಸಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು.

ಕೊನೆಗೆ, ನೀನು ಕೇಳಲಾರದೆ ಇಟ್ಟುಕೊಂಡ ಪ್ರಶ್ನೆ: "ನನಗೂ ಬರುತ್ತಾ?"

ಅಜ್ಜಿಗೆ ಎಪ್ಪತ್ತು ದಾಟಿದ ಮೇಲೆ ಬಂದಿದೆ ಅಂದರೆ ಅದು ನೇರವಾಗಿ ನಿನಗೆ ಬಳುವಳಿಯಾಗಿ ಬರುವ ಕಾಯಿಲೆಯಲ್ಲ. ವಂಶದಲ್ಲಿದ್ದರೆ ಸಂಭವ ಸ್ವಲ್ಪ ಜಾಸ್ತಿ, ಬಂದೇ ಬರುತ್ತದೆ ಅಂತಿಲ್ಲ. ತಲೆಮಾರಿನಿಂದ ತಲೆಮಾರಿಗೆ ನೇರವಾಗಿ ಇಳಿಯುವ ಬಗೆ ಬಹಳ ಅಪರೂಪ, ಅದು ಸಾಮಾನ್ಯವಾಗಿ ಅರವತ್ತಕ್ಕೂ ಮುಂಚೆಯೇ ಕಾಣಿಸಿಕೊಳ್ಳುತ್ತದೆ. 2024ರಲ್ಲಿ ಲ್ಯಾನ್ಸೆಟ್ ವೈದ್ಯ ಪತ್ರಿಕೆಯ ತಜ್ಞರ ಸಮಿತಿ 14 ಕಾರಣಗಳನ್ನು ಪಟ್ಟಿ ಮಾಡಿತು. ಅವನ್ನೆಲ್ಲ ಸರಿಪಡಿಸಿದರೆ ಜಗತ್ತಿನಲ್ಲಿ ಮರೆವಿನ ಕಾಯಿಲೆಯ ಸುಮಾರು ಶೇ. 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಅಂದಿತು. ಬಿಪಿ, ಸಕ್ಕರೆ, ಸಿಗರೇಟು, ಕುಡಿತ, ಕಿವಿ ಕೇಳಿಸದಿರುವುದು, ಒಂಟಿತನ, ಚಿಕ್ಕಂದಿನಲ್ಲಿ ಓದು ಸಿಗದಿರುವುದು, ತಲೆಗೆ ಪೆಟ್ಟು ಎಲ್ಲ ಆ ಪಟ್ಟಿಯಲ್ಲಿವೆ. ಅಂದರೆ ಈಗಲೇ ಮಾಡಲು ಕೆಲಸವಿದೆ. ಅಪ್ಪನ ಬಿಪಿ ಪರೀಕ್ಷೆ ಮಾಡಿಸು, ತಾತನ ಕಿವಿ ತೋರಿಸು, ಓದು ಬಿಡಬೇಡ, ಮತ್ತು ಚಿಕ್ಕಪ್ಪನ ಬೈಕ್ ಹಿಂದೆ ಕೂರುವಾಗ ಹೆಲ್ಮೆಟ್ ಹಾಕಿಕೋ.